ಅಕ್ಕನ ಮರಾಠಿ

ಇವತ್ತು ಬೆಳಿಗ್ಗೆ ಶಹಾಪುರದ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಇನ್ನೂರು ಪುಟದ ನೋಟುಬುಕ್ಕೊಂದನ್ನು ಕೊಂಡೆ. ಅಂಗಡಿಯವನು ಅದರ ಮೇಲಿನ ಧೂಳು ಒರೆಸುತ್ತಾ, "ಮೊಮ್ಮಗಳಿಗೇನ್ರಿ ಸಾಹೇಬ್ರ? ಎಷ್ಟನೇತ್ತ ಅದಾಳ?" ಎಂದು ಕೇಳಿದ.

"ನನಗ ರೀ," ಎಂದೆ.

ಅವನು ಒಮ್ಮೆ ನನ್ನ ತಲೆಯ ಕಡೆ ನೋಡಿದ. ಅಲ್ಲಿ ಈಗ ಕೂದಲು ಹೆಚ್ಚಿಲ್ಲ, ಇದ್ದಷ್ಟೂ ಬಿಳಿ. "ಬಾಳ ಚಲೋ ಆತ್ ಬಿಡ್ರಿ," ಎಂದು, ಕೇಳದಿದ್ದರೂ ಒಂದು ಪೆನ್ಸಿಲ್ ಸೇರಿಸಿ ಕೊಟ್ಟ.

ಹೊಸ ನೋಟುಬುಕ್ಕನ್ನು ಮೂಸಿ ನೋಡುವ ಚಟ ನಿಮಗೂ ಇದ್ದೀತು. ನಾನು ಮನೆ ಮುಟ್ಟುವುದರೊಳಗೆ ನಾಲ್ಕು ಸಲ ಮೂಸಿದೆ. ಅಂಟು, ಕಾಗದ, ಶಾಲೆಯ ಮೊದಲ ದಿನದ ಹೆದರಿಕೆ, ಮೂರೂ ಸೇರಿದ ವಾಸನೆ ಅದು. ಹೆದರಿಕೆಗೆ ಎಂಥ ವಾಸನೆ ಎಂದು ಕೇಳಬೇಡಿ. ಅರವತ್ತೆರಡು ವರ್ಷ ಅದರ ಜೊತೆ ಸಂಸಾರ ಮಾಡಿದವನು ನಾನು, ಕತ್ತಲಲ್ಲಿ ಇಟ್ಟರೂ ಗುರುತು ಹಿಡಿಯುತ್ತೇನೆ.

ಸುರಪುರದಲ್ಲಿ ನಾನು ಶಾಲೆಗೆ ಸೇರಿದ ದಿನ ನನ್ನ ಕೈ ಹಿಡಿದುಕೊಂಡು ಹೋದವಳು ನೀಲಕ್ಕ. ಅವ್ವ ಸತ್ತಾಗ ನನಗೆ ಎರಡು ವರ್ಷ, ಅಕ್ಕನಿಗೆ ಹನ್ನೊಂದು. ಅಪ್ಪ ತಾಲೂಕು ಕಚೇರಿಯಲ್ಲಿ ಜವಾನ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹಾಗಾಗಿ ನನ್ನ ಲೋಕವೆಂದರೆ ಅಕ್ಕನ ಟೊಂಕ, ಮುಂದೆ ಸ್ವಲ್ಪ ದೊಡ್ಡವನಾದ ಮೇಲೆ ಅಕ್ಕನ ಲಂಗದ ಹಿಂಬದಿ. ಅಲ್ಲಿ ನಿಂತರೆ ಊರಿನವರು ಯಾರೂ ಕಾಣುತ್ತಿರಲಿಲ್ಲ, ನಾನೂ ಅವರಿಗೆ ಕಾಣುವುದಿಲ್ಲವೆಂದು ನಂಬಿದ್ದೆ.

ಹೆಡ್‌ಮಾಸ್ತರರು ನನ್ನ ಹೆಸರು ಕೇಳಿದರು. ಅಕ್ಕ ಹೇಳಿದಳು. ತಂದೆಯ ಹೆಸರು ಕೇಳಿದರು. ಅಕ್ಕ ಹೇಳಿದಳು. ಮಾಸ್ತರರು ಕನ್ನಡಕ ಕೆಳಗಿಳಿಸಿ, "ಯಾಕವಾ, ಅವಂಗ ಬಾಯಿಲ್ಲೇನು?" ಎಂದರು.

"ಅದರಿ ಸರ," ಎಂದಳು ಅಕ್ಕ. "ನಾ ಇರೋತನ ಅವಂಗ ಅದರ ಕೆಲಸಿಲ್ಲ."

ಹೌದು, ಕೆಲಸವಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ನನಗೆ ಬೇಕಾದ ಪೆಪ್ಪರಮೆಂಟನ್ನು ಅಕ್ಕನೇ ಕೇಳುತ್ತಿದ್ದಳು. ದವಾಖಾನೆಯಲ್ಲಿ ನನ್ನ ಹೊಟ್ಟೆನೋವನ್ನು ಅವಳೇ ವರ್ಣಿಸುತ್ತಿದ್ದಳು, ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂಬುದರ ಸಮೇತ. ಮನೆಗೆ ಬಂದ ಮೇಲೆ ಮಾತ್ರ ಬೈಗುಳ. "ಕೋಣನಂಗ ನಿಂತಿದ್ದಿ ನೋಡು! ಏ ಕೋಣ, ನಾಕ ಮಾತು ಆಡಿದ್ರ ಹಲ್ಲ ಉದುರತಾವೇನು?" ಕೋಣ ಎಂಬುದು ನನ್ನ ಎರಡನೇ ಹೆಸರಾಗಿತ್ತು. ಬೇರೆ ಯಾರಾದರೂ ಹಾಗೆ ಕರೆದರೆ ಅಕ್ಕ ಜಗಳಕ್ಕೆ ಹೋಗುತ್ತಿದ್ದಳು.

ನನಗೆ ಒಂಬತ್ತು ತುಂಬಿದಾಗ ಅಕ್ಕನ ಮದುವೆಯಾಯಿತು. ಬಾರ್ಶಿಯ ಕಾಳಿನ ವ್ಯಾಪಾರಿಗಳು ತೊಗರಿ ಕೊಳ್ಳಲು ನಮ್ಮ ಕಡೆ ಬರುತ್ತಿದ್ದರು. ನಮ್ಮದೇ ಜನ, ಕೊರಳಲ್ಲಿ ಲಿಂಗ ಕಟ್ಟಿದವರು, ಆದರೆ ಮನೆಮಾತು ಮರಾಠಿ. ಅವರಲ್ಲಿ ಒಬ್ಬರು ತಮ್ಮ ಮಗನಿಗೆ ಅಕ್ಕನನ್ನು ಕೇಳಿದರು. ಉಣ್ಣಲಿಕ್ಕೆ ಕೊರತೆಯಿಲ್ಲದ ಮನೆ ಎಂದು ಅಪ್ಪ ಒಪ್ಪಿದ. ಅಲ್ಲಿ ಅಕ್ಕ ಯಾವ ಭಾಷೆಯಲ್ಲಿ ಹಸಿವಾಗಿದೆ ಎಂದು ಹೇಳಬೇಕು ಎಂಬುದನ್ನು ಯಾರೂ ವಿಚಾರಿಸಲಿಲ್ಲ. ನಾನಂತೂ ವಿಚಾರಿಸುವ ವಯಸ್ಸಿನವನಲ್ಲ. ನನ್ನ ಚಿಂತೆಯೆಲ್ಲ, ಇನ್ನು ಮುಂದೆ ಕಿರಾಣಿ ಅಂಗಡಿಗೆ ಹೇಗೆ ಹೋಗುವುದು ಎಂಬುದೇ.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯಿಂದ ಕೈ ಚಾಚಿ ಅಕ್ಕ ನನ್ನ ಗಲ್ಲ ಹಿಡಿದು, "ಇನ್ನ ನೀನ ಮಾತಾಡಬೇಕಪ್ಪ," ಎಂದಳು. ಅಷ್ಟೇ. ರೈಲು ಹೋಯಿತು. ನಾನು ಅಪ್ಪನ ಜೊತೆ ಸುರಪುರಕ್ಕೆ ಬರುವವರೆಗೂ, ಅಪ್ಪ ನೀರು ಬೇಕೇ ಎಂದು ಕೇಳಿದಾಗಲೂ, ಒಂದು ಮಾತೂ ಆಡಲಿಲ್ಲವಂತೆ.

ಮುಂದೆ ನಾನು ಹೇಗೋ ಬದುಕಿದೆ. ಬಾಯಿ ಬೇಡದ ಕೆಲಸಗಳು ಲೋಕದಲ್ಲಿ ಬಹಳ ಇವೆ. ಶಹಾಪುರದ ಪಕ್ಕದ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಟಪಾಲು ವಿಭಾಗ ಸಿಕ್ಕಿತು. ಬಂದ ಪತ್ರಕ್ಕೆ ನಂಬರು ಹಾಕುವುದು, ಹೋಗುವ ಪತ್ರಕ್ಕೆ ನಂಬರು ಹಾಕುವುದು. ನನ್ನ ಅಕ್ಷರ ದುಂಡಗಿತ್ತು, ಸಾಹೇಬರು ಮೆಚ್ಚುತ್ತಿದ್ದರು. ಮೀಟಿಂಗು ಎಂದ ದಿನ ನನಗೆ ತಪ್ಪದೆ ಜ್ವರ ಬರುತ್ತಿತ್ತು. ಮನೆಯಲ್ಲಿ ನನ್ನ ಮಾತಿನ ಚಾರ್ಜನ್ನು ನನ್ನ ಹೆಂಡತಿ ಮಹಾದೇವಿ ವಹಿಸಿಕೊಂಡಳು. ಇವತ್ತಿಗೂ ಅದು ಅವಳ ಬಳಿಯೇ ಇದೆ.

ಅಕ್ಕ ನಾಗರಪಂಚಮಿಗೆ ತವರಿಗೆ ಬರುತ್ತಿದ್ದಳು. ಮೊದಮೊದಲು ಪ್ರತಿ ವರ್ಷ, ಮಕ್ಕಳಾದ ಮೇಲೆ ಎರಡು ವರ್ಷಕ್ಕೊಮ್ಮೆ, ಅಪ್ಪ ತೀರಿ ಸುರಪುರದ ಮನೆ ಕೈಬಿಟ್ಟ ಮೇಲೆ ಇನ್ನೂ ಅಪರೂಪ. ಫೋನು ಬಂದ ಮೇಲೆ ಭಾನುವಾರಕ್ಕೊಮ್ಮೆ ಮಾತು. ಆ ಮಾತಿನ ಬಗ್ಗೆ ನಿಮಗೆ ಹೇಳಬೇಕು. ಐವತ್ತು ವರ್ಷ ಮರಾಠಿ ಮನೆಯಲ್ಲಿದ್ದರೂ ಅವಳ ಕನ್ನಡಕ್ಕೆ ಒಂದು ಕಣ ಧೂಳು ಹಿಡಿದಿರಲಿಲ್ಲ. ನಮ್ಮ ಕನ್ನಡ ಟಿವಿ, ಕಚೇರಿ, ಪೇಪರು ಎಂದು ಬದಲಾಗಿಹೋಗಿತ್ತು. ಅವಳದು ಹೊರಟ ದಿನ ಹೇಗಿತ್ತೋ ಹಾಗೆಯೇ. ಸುರಪುರದಲ್ಲೇ ಸತ್ತುಹೋದ ಮಾತುಗಳು ಬಾರ್ಶಿಯಲ್ಲಿ ಅವಳ ಬಾಯಲ್ಲಿ ಆರಾಮವಾಗಿದ್ದವು. ಭಾನುವಾರ ಫೋನಿಟ್ಟ ಮೇಲೆ ನನಗೆ ತವರಿಗೆ ಹೋಗಿಬಂದ ಹಾಗಾಗುತ್ತಿತ್ತು. ಗಂಡಸಿಗೆಲ್ಲಿಯ ತವರು ಎಂದು ಮಹಾದೇವಿ ನಗುತ್ತಿದ್ದಳು.

ಹೋದ ವರ್ಷ ಅಕ್ಕನಿಗೆ ಲಕ್ವಾ ಹೊಡೆಯಿತು. ಅಳಿಯ ಸಿದ್ದು, ಅಕ್ಕನ ಮಗ, ಫೋನು ಮಾಡಿದ. ಯಾದಗಿರಿಯಿಂದ ಸೋಲಾಪುರಕ್ಕೆ ರೈಲು, ಅಲ್ಲಿಂದ ಬಾರ್ಶಿಗೆ ಬಸ್ಸು. ನಾನು ಹೋಗುವಷ್ಟರಲ್ಲಿ ಅವಳನ್ನು ಮನೆಗೆ ತಂದಿದ್ದರು. ಬಲಗೈ ಎದೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ನಾನು ಮಂಚದ ಹತ್ತಿರ ಕೂತು, "ಅಕ್ಕಾ," ಎಂದೆ.

ಅವಳು ನನ್ನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ತುಟಿ ಅಲ್ಲಾಡಿತು. "ಕೋಣ್..."

ನನಗಾದ ಸಂತೋಷವನ್ನು ಏನು ಹೇಳಲಿ! ಕೊನೆಯ ಅಕ್ಷರ ಸರಿಯಾಗಿ ಹೊರಳಲಿಲ್ಲ, ಲಕ್ವಾ ಹೊಡೆದ ನಾಲಗೆ ಎಂದುಕೊಂಡೆ. "ಹೌದಕ್ಕಾ, ಕೋಣನ! ನಿನ್ನ ಕೋಣನ ಬಂದೀನಿ!" ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಗಾಬರಿಯಿಂದ ಕೈ ಎಳೆದುಕೊಂಡು ಮಗನ ಕಡೆ ನೋಡಿ ಮತ್ತೆ ಅದನ್ನೇ ಅಂದಳು.

ಸಿದ್ದು ನನ್ನ ಭುಜ ಮುಟ್ಟಿದ. ಅವನ ಕನ್ನಡ ಹರುಕು. "ಮಾಮಾ, ಮರಾಠಿದಾಗ ಕೋಣ್ ಅಂದ್ರ ಯಾರು. ನೀವು ಯಾರು ಅಂತ ಕೇಳಾಕತ್ತಾಳ ಆಯಿ."

ಅಕ್ಕನ ಕನ್ನಡ ಹೋಗಿಬಿಟ್ಟಿತ್ತು. ಹೀಗೂ ಆಗುತ್ತದಂತೆ, ಎರಡು ಭಾಷೆಯವರಿಗೆ ಲಕ್ವಾ ಹೊಡೆದಾಗ ಕೆಲವೊಮ್ಮೆ ಒಂದು ಉಳಿದು ಒಂದು ಅಳಿಸಿಹೋಗುತ್ತದೆ ಎಂದು ಡಾಕ್ಟರರು ಹೇಳಿದ್ದರಂತೆ. ನೆನಪೂ ಕಲಸಿಹೋಗಿತ್ತು. ನಾನು ಎರಡು ದಿನ ಅಲ್ಲಿದ್ದೆ. ಅವಳು ನೀರು ಕೇಳಿದರೂ ನನಗೆ ತಿಳಿಯುತ್ತಿರಲಿಲ್ಲ, ಸೊಸೆಯನ್ನು ಕೂಗಬೇಕಿತ್ತು. ನನ್ನ ಪರವಾಗಿ ಊರೆಲ್ಲ ಮಾತಾಡಿದವಳ ಪಕ್ಕದಲ್ಲಿ ನಾನು ನಿಜವಾಗಿಯೂ ಕೋಣನ ಹಾಗೆ ಕೂತಿದ್ದೆ.

ಮರಾಠಿ ಕಲಿಯಬೇಕು ಎಂದು ರೈಲಿನಲ್ಲೇ ತೀರ್ಮಾನಿಸಿದೆ. ತೀರ್ಮಾನಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಪುಸ್ತಕ ತರಿಸಿಕೊಂಡೆ. ಓದುವುದು ಬಂತು, ಅಕ್ಷರ ಹಿಂದಿಯದೇ ಅಲ್ಲವೇ. ಆದರೆ ಪುಸ್ತಕ ತಿರುಗಿ ಮಾತಾಡುವುದಿಲ್ಲ. ಮಹಾದೇವಿ ಯಾರನ್ನೋ ವಿಚಾರಿಸಿ, ಫೋನಿನಲ್ಲೇ ಪಾಠ ಹೇಳುವ ಬೆಳಗಾವಿಯ ಅನಘಾ ಎಂಬ ಟೀಚರನ್ನು ಹುಡುಕಿದಳು. ವಾರಕ್ಕೆ ಐದು ದಿನ, ಸಂಜೆ ನಾಲ್ಕಕ್ಕೆ, ಒಬ್ಬರಿಗೊಬ್ಬರೇ. ಆ "ಒಬ್ಬರಿಗೊಬ್ಬರೇ" ಎಂಬ ಮಾತಿಗೆ ನನ್ನ ಎದೆ ಕುಸಿಯಿತು. ಕ್ಲಾಸಿನಲ್ಲಿ ನಲವತ್ತು ಮಂದಿ ಇದ್ದರೆ ಕಡೆಯ ಬೆಂಚಿಗೆ ಹೋಗಿ ಕೂಡಬಹುದು. ಒಬ್ಬನೇ ಇದ್ದರೆ ಮೊದಲ ಬೆಂಚೂ ಅದೇ, ಕಡೆಯದೂ ಅದೇ.

ಮೊದಲ ದಿನ ನೆಟ್ ಇಲ್ಲ ಎಂದು ಮೆಸೇಜು ಕಳಿಸಿದೆ. ಎರಡನೇ ದಿನ ಕರೆಂಟ್ ಇಲ್ಲ ಎಂದೆ. ಮೂರನೇ ದಿನ ಹಲ್ಲುನೋವು. ನಾಲ್ಕನೇ ದಿನ ಮಹಾದೇವಿ ಉಪ್ಪಿನಕಾಯಿ ಭರಣಿಗೆ ಫೋನನ್ನು ಒರಗಿಸಿ, ನನ್ನನ್ನು ಅದರ ಮುಂದೆ ಕೂಡಿಸಿದಳು. ಕಚೇರಿಯ ಕಾಲದ ಇಸ್ತ್ರಿ ಅಂಗಿ ಹಾಕಿದ್ದೆ. ಕೆಳಗೆ ಲುಂಗಿಯೇ. ಫೋನಿನ ತೆರೆಯಲ್ಲಿ ಮೊದಲು ಕಂಡದ್ದು ನನ್ನದೇ ಮುಖ. ಇಷ್ಟು ಹೆದರಿದ ಮುದುಕ ಯಾರಪ್ಪ ಎಂದು ನೋಡುತ್ತಿರುವಾಗಲೇ ಟೀಚರು ಬಂದರು. ನನ್ನ ಮಗಳ ವಯಸ್ಸು.

"ನಮಸ್ಕಾರ ಕಾಕಾ. ಇವತ್ತ ಒಂದ ಪ್ರಶ್ನೆಯಿಂದ ಶುರು ಮಾಡೂಣ್ರಿ," ಎಂದು ನಕ್ಕು, ಸ್ಪಷ್ಟವಾಗಿ ಕೇಳಿದರು: "ತುಮ್ಹೀ ಕೋಣ್?"

ನೀವು ಯಾರು. ಪುಸ್ತಕದ ಮೊದಲ ಪುಟದಲ್ಲೇ ಉತ್ತರವಿತ್ತು, ನನಗೆ ಬಾಯಿಪಾಠವೂ ಆಗಿತ್ತು. ಆದರೆ ನನಗೆ ಕಂಡದ್ದು ಬಾರ್ಶಿಯ ಮಂಚ, ಎಳೆದುಕೊಂಡ ಕೈ. ಕೆಂಪು ಗುಂಡಿ ಒತ್ತಿ ಫೋನು ಆರಿಸಿ, ಹಿತ್ತಲಿಗೆ ಹೋಗಿ ನಿಂತೆ.

"ಏನಾತ್ರಿ?" ಎಂದು ಮಹಾದೇವಿ ಬಂದಳು.

"ನೆಟ್ ಹೋತು."

"ನೆಟ್ ಅದ. ಹೋದವ್ರು ನೀವು."

ಸ್ವಲ್ಪ ಹೊತ್ತಿಗೆ ಟೀಚರ ದನಿಯ ಮೆಸೇಜು ಬಂತು. ಅದನ್ನು ನಾನು ಅಳಿಸಿಲ್ಲ. "ಕಾಕಾ, ನನಗೂ ಮೊದಲ ಕ್ಲಾಸಿನ್ಯಾಗ ಹೆದರಿಕಿ ಆಗಿತ್ರಿ. ನಾಳೆ ಇಬ್ರೂ ಕ್ಯಾಮೆರಾ ಬಂದ್ ಮಾಡ್ಕೊಂಡ ಕುಂಡ್ರೂಣ. ನೀವು ನನಗ ಕಾಣೂದಿಲ್ಲ, ನಾ ನಿಮಗ ಕಾಣೂದಿಲ್ಲ. ಒಂದ ಷರತ್ತ ಐತಿ. ನೀವು ಹತ್ತ ತಪ್ಪ ಮಾಡಬೇಕು. ಒಂಬತ್ತಾದ್ರ ಕ್ಲಾಸ್ ಬಿಡಂಗಿಲ್ಲ ನಾ."

ತಪ್ಪು ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದರಲ್ಲಿ ನನಗೆ ಪ್ರತಿಭೆ ಇತ್ತು. ಮರುದಿನ ಕಪ್ಪು ತೆರೆಯ ಮುಂದೆ ಕೂತು ಹತ್ತು ನಿಮಿಷದಲ್ಲಿ ಹತ್ತು ತಪ್ಪು ಮುಗಿಸಿದೆ. ಗಂಡಸಿನ ಕ್ರಿಯಾಪದವನ್ನು ನನ್ನ ಹೆಂಡತಿಗೆ ಹಚ್ಚಿ, ಹೆಂಗಸಿನದನ್ನು ನನಗೆ ಹಚ್ಚಿಕೊಂಡೆ. ಟೀಚರು ನಕ್ಕರು. ಆಶ್ಚರ್ಯವೆಂದರೆ ನಾನೂ ನಕ್ಕೆ.

ಹೆದರಿಕೆ ಒಂದೇ ದಿನಕ್ಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಮೂರೂವರೆಗೇ ಹಿತ್ತಲಿನ ಬಾಗಿಲ ಕಡೆ ನೋಡುವುದು ಎಷ್ಟೋ ವಾರ ನಡೆಯಿತು. ಯಾಕೆ ಕಲಿಯುತ್ತೀರಿ ಎಂದು ಟೀಚರು ಕೇಳಿದಾಗ ಟೈಂಪಾಸಿಗೆ ಎಂದಿದ್ದೆ. ಅವರು ರೈಲ್ವೆ ಸ್ಟೇಷನ್, ಕಾಯಿಪಲ್ಯೆ ಬಜಾರು ಎಂದು ಪಾಠ ಹೇಳುತ್ತಿದ್ದರು. ಒಂದು ಸಂಜೆ ಸಂಬಂಧಗಳ ಪಾಠ ಬಂತು. ಬಾಬಾ, ಆಯಿ, ಭಾಊ ಎಂದು ನಡೆದು, "ಅಕ್ಕಗ ಮರಾಠಿದಾಗ ತಾಈ ಅಂತಾರ ಕಾಕಾ. ಹೇಳ್ರಿ, ತಾಈ," ಎಂದರು.

ನಾನು ಹೇಳಲಿಲ್ಲ.

"ಕಾಕಾ? ಕೇಳಸ್ತೇನ್ರಿ?"

"ಕೇಳಸ್ತದ ಮೇಡಂ," ಎಂದೆ. "ನಮ್ಮ ಕಡಿ ತಾಯಿ ಅಂದ್ರ ಅವ್ವ."

ಅಲ್ಲಿಂದ ಏನಾಯಿತೋ, ಕಪ್ಪು ತೆರೆಗೆ ಎಲ್ಲ ಹೇಳಿಬಿಟ್ಟೆ. ಹೆಡ್‌ಮಾಸ್ತರರು, ಪೆಪ್ಪರಮೆಂಟು, ಯಾದಗಿರಿ ಸ್ಟೇಷನ್ನು, ಕೋಣ. ನನ್ನ ಜನ್ಮದಲ್ಲಿ ಹೊರಗಿನವರೊಬ್ಬರ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು. ನೆಟ್ ನಿಜವಾಗಿಯೂ ಹೋಯಿತೇನೋ ಎನ್ನುವಾಗ ಟೀಚರ ಕ್ಯಾಮೆರಾ ತೆರೆಯಿತು. ಅವರು ಮೂಗು ಒರೆಸಿಕೊಳ್ಳುತ್ತಿದ್ದರು. "ಬಜಾರದ ಪಾಠ ಸಾಕ ಕಾಕಾ," ಎಂದರು. "ನಾಳಿಂದ ನಾ ನಿಮ್ಮ ತಾಈ. ಹಾಸಿಗಿ ಮ್ಯಾಲ ಮಲಗೇನಿ. ನೀವ ಬಂದ ಮಾತಾಡಸ್ರಿ." ನಾನೂ ನನ್ನ ಕ್ಯಾಮೆರಾ ತೆರೆದೆ.

ಆಮೇಲಿನ ಪಾಠಗಳೆಲ್ಲ ಹಾಗೆ. ನೀರು ಬೇಕಾ, ಪಾಣೀ ಹವಂ ಕಾ. ಎಲ್ಲಿ ನೋಯುತ್ತದೆ. ದಿಂಬು ಎತ್ತರಿಸಲೇ. ಟೀಚರು ಮುದುಕಿಯ ದನಿ ಮಾಡಿ ಬೈಯುತ್ತಿದ್ದರು, ತಡವರಿಸುತ್ತಿದ್ದರು, ಹಟ ಮಾಡುತ್ತಿದ್ದರು. ನಾನು ಅದಕ್ಕೆ ಉತ್ತರ ಹುಡುಕುತ್ತಾ ಬೆವರುತ್ತಿದ್ದೆ. ಆಗ ನನಗೆ ಹೊಳೆದದ್ದು ಇದು: ನಾನು ತಪ್ಪಿದರೆ ತಿದ್ದಲು ಟೀಚರಿದ್ದಾರೆ, ಬೇಸರವಾದರೆ ಕೆಂಪು ಗುಂಡಿ ಇದೆ, ಪಕ್ಕದ ಕೋಣೆಯಲ್ಲಿ ಕನ್ನಡವಿದೆ. ಹದಿನೆಂಟರ ಅಕ್ಕನಿಗೆ ಏನಿತ್ತು? ಅವಳು ಮರಾಠಿ ಹೇಗೆ ಕಲಿತಳು? ಅಷ್ಟೊಂದು ಭಾನುವಾರಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಜೋಳದ ರಾಶಿಯ ಕಾಲಕ್ಕೆ ಮತ್ತೆ ಬಾರ್ಶಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಬಿಸಿಲಿಗೆ ಕೂತಿದ್ದಳು, ಮುಂಚಿಗಿಂತ ಗೆಲುವಾಗಿ. ನನ್ನನ್ನು ನೋಡಿ, "ತುಮ್ಹೀ ಕೋಣ್?" ಎಂದಳು.

ಈ ಸಲ ಹಿತ್ತಲಿಗೆ ಓಡಲಿಲ್ಲ. ಹೇಳಿದೆ. "ಮೀ ತುಝಾ ಭಾಊ, ತಾಈ." ನಾನು ನಿನ್ನ ತಮ್ಮ, ಅಕ್ಕಾ.

ಅಕ್ಕ ನಕ್ಕುಬಿಟ್ಟಳು. ಅವಳು ಆಡಿದ್ದು ಮರಾಠಿ. ನನ್ನ ಕಿವಿಗೆ ಅದು ಸುರಪುರದ ಮಾತಾಗಿಯೇ ಬಂತು, ನಿಮಗೂ ಹಾಗೆಯೇ ಹೇಳುತ್ತೇನೆ. "ಚ್ಯಾಷ್ಟಿ ಮಾಡ್ತೀರೇನ್ರಿ? ನನ್ನ ತಮ್ಮಗ ಮರಾಠಿ ಬರಂಗಿಲ್ಲ. ಅವಂಗ ಕನ್ನಡದಾಗ ಮಾತಾಡಂದ್ರ ಲಂಗದ ಹಿಂದ ಅಡಗ್ತಾನ. ಒಂಬತ್ತ ವರ್ಷದ್ದಂವ. ಕುಂಡರ್ರಿ, ಚಾ ಕುಡೀತೀರೇನು?"

ಅಕ್ಕ ನನಗೆ ಬಹುವಚನ ಹಾಕಿದ್ದು ಅದೇ ಮೊದಲು. ಆರು ತಿಂಗಳು ಕಷ್ಟಪಟ್ಟು ಕಲಿತ ಭಾಷೆಯೇ ನನ್ನನ್ನು ಅಪರಿಚಿತನನ್ನಾಗಿ ಮಾಡಿತಲ್ಲ ಎನ್ನಿಸಿತು. ಕುರ್ಚಿ ಎಳೆದುಕೊಂಡು ಅತಿಥಿಯಾಗಿ ಕೂತೆ. ಸೊಸೆ ಚಹಾ ತಂದಳು. ಬಾಯಿಗೆ ಬಂದ ಮೊದಲ ಪ್ರಶ್ನೆ ಕೇಳಿದೆ: ನೀವು ಮರಾಠಿ ಎಲ್ಲಿ ಕಲಿತಿರಿ?

"ಎಲ್ಲಿ ಕಲೀಲಿ! ಮೊದಲ ಆರ ತಿಂಗಳು ಬಾಯಿ ಬಿಟ್ಟಿಲ್ಲ ನಾ," ಎಂದಳು ಅಕ್ಕ. "ಅತ್ತಿ ಮೂಕಿ ಅಂತಿದ್ಲು. ಮಾಳಿಗಿ ಮ್ಯಾಲ ತೊಗರಿಬ್ಯಾಳಿ ಒಣಗಾಕ ಹಾಕ್ತಿದ್ರು, ಗುಬ್ಬಿ ಹೊಡೀಲಾಕ ನನ್ನ ಕುಂಡ್ರಸ್ತಿದ್ರು. ಗುಬ್ಬಿ ಮುಂದ ಮಾತಾಡಿ ನೋಡ್ತಿದ್ದೆ, ಮಂದಿ ಮುಂದ ನಾಚಿಕಿ. ಒಂದಿನ ಬಿಸಲಾಗ ಕುಂತು ಕುಂತು ಗಂಟಲ ಒಣಗಿತ್ತು. ನನಗ ಅಂತ ಕೇಳಾಕ ನಾಲಗಿ ಏಳವಲ್ದು. ಆಗ ಏನ ಮಾಡಿದೆ ಅಂತೀರಿ? ನನ್ನ ತಮ್ಮ ಹಿಂದ ನಿಂತಾನ, ಅವಂಗ ನೀರಡಿಕಿ ಆಗ್ಯದ, ನಾ ಕೇಳಲಿಲ್ಲಂದ್ರ ಯಾರ ಕೇಳತಾರ ಅವನ ಸಲವಾಗಿ, ಅಂತ ತಿಳಕೊಂಡೆ. ಕೆಳಗ ಇಳದು ಅತ್ತಿಗಿ ಅಂದೆ, ತಾಕ ದ್ಯಾ. ಮಜ್ಜಿಗಿ ಕೊಡ್ರಿ ಅಂತ. ಅತ್ತಿ ಕೈಯಾಗಿನ ಕಡಗೋಲ ಬಿಟ್ಟ ನನ್ನ ನೋಡಿದ್ಲು. ತುಂಬಿದ ಚರಿಗಿ ಕೊಟ್ಲು."

"ಕುಡಿದಿರಾ?" ಎಂದೆ. ಮರಾಠಿ ಮಾತು ತಕ್ಷಣ ಹೊಳೆಯಲಿಲ್ಲ, ಕೈಸನ್ನೆಯಲ್ಲೇ ಕೇಳಿದ್ದು.

"ಕುಡದೆ. ಕುಡಕೋತ ಕಣ್ಣೀರ ಹಾಕಿದೆ. ಅವಂಗ ಯಾರ ಕೊಡ್ತಾರ ಅಲ್ಲಿ ಅಂತ."

ಚಹಾ ಆರಿಹೋಯಿತು. ನಾನು ಅದನ್ನು ಹಾಗೆಯೇ ಕುಡಿದೆ. ತಮ್ಮನಾಗಿ ನಾನು ಕೂತಿದ್ದರೆ ಅವಳು ಇದನ್ನು ಎಂದೂ ಹೇಳುತ್ತಿರಲಿಲ್ಲ. ಯಾವ ಭಾನುವಾರವೂ ಹೇಳಿರಲಿಲ್ಲ. "ನಾ ಆರಾಮದೀನಿ, ನೀ ಉಂಡಿಯಿಲ್ಲ?" ಎಂದಷ್ಟೇ ಕೇಳುತ್ತಿದ್ದಳು.

ಅಂದಿನಿಂದ ನಾನು ಅವಳ ಪಾಲಿಗೆ ಶಹಾಪುರದ ಪಾವಣೇರು, ಎಂದರೆ ನೆಂಟರು. ದಿನಾ ಸಂಜೆ ಐದಕ್ಕೆ ಸಿದ್ದು ಫೋನು ಹಿಡಿಯುತ್ತಾನೆ. ನಾನು ಯಾರು ಎಂದು ಅವಳು ಕೇಳುತ್ತಾಳೆ, ನಾನು ಹೇಳುತ್ತೇನೆ. ಮಳೆ, ಬೆಳೆ, ಮೊಣಕಾಲುನೋವು ಎಲ್ಲ ಆದ ಮೇಲೆ, ನಿಮ್ಮ ತಮ್ಮ ಹೇಗಿದ್ದಾನೆ ಎಂದು ನಾನು ಕೇಳುತ್ತೇನೆ. ಆಮೇಲೆ ನಾನು ಮಾತಾಡಬೇಕಾಗಿಲ್ಲ. ನನ್ನ ಬಾಲ್ಯವನ್ನು ನಾನು ಈಗ ಮರಾಠಿಯಲ್ಲಿ ಕೇಳುತ್ತಿದ್ದೇನೆ. ನನಗೇ ಗೊತ್ತಿರದ ಎಷ್ಟೋ ಸಂಗತಿಗಳು ಅದರಲ್ಲಿವೆ. ಅವಳ ಕನ್ನಡವನ್ನೇ ನೆನೆಯುತ್ತಾ ಕೂಡುವ ದಿನಗಳೂ ಇವೆ. ಒಂದೇ ಒಂದು ಸಲ "ಉಂಡಿಯಿಲ್ಲ?" ಎಂದು ಕೇಳಲಿ ಎನ್ನಿಸುತ್ತದೆ. ಕೇಳುವುದಿಲ್ಲ.

ಇಷ್ಟು ಬಂದರೆ ಸಾಕು, ಇನ್ನು ಕ್ಲಾಸು ಬೇಡ ಕಾಕಾ ಎಂದು ಅನಘಾ ಟೀಚರು ಹೋದ ವಾರ ಹೇಳಿದರು. ನಾನೇ ಬಿಡಲಿಲ್ಲ. ಹಳೆಯ ನೋಟುಬುಕ್ಕು ತುಂಬಿದೆ, ಅಕ್ಕ ಹೇಳಿದ್ದನ್ನೆಲ್ಲ ಬರೆದಿಡಬೇಕು.

ಇವತ್ತು ಸಂಜೆಯೂ ಫೋನು ಮಾಡಿದೆ. ಅಕ್ಕ ಏನೋ ಅವಸರದಲ್ಲಿದ್ದಳು. ಸಿದ್ದುವನ್ನು ಆಚೆ ಕಳಿಸಿ, ದನಿ ತಗ್ಗಿಸಿ ಕೇಳಿದಳು. "ಪಾವಣೇರ, ನೀವು ಆ ಕಡಿಯವ್ರಲ್ಲ? ಸುರಪುರಕ್ಕ ಹೋಗ್ತೀರೇನು? ಪಂಚಮಿ ಹತ್ತಿರ ಬಂತು. ನನ್ನ ತಮ್ಮಗ ಒಂದ ಮಾತ ಹೇಳ್ರಿ. ಅಕ್ಕ ಹಾದಿ ನೋಡಾಕತ್ತಾಳ, ಬಂದ ಕರಕೊಂಡ ಹೋಗಬೇಕಂತ. ಸಣ್ಣಂವ ಅದಾನ, ಒಬ್ಬಂವ ಬರಾಕ ಹೆದರ್ತಾನ. ಧೈರ್ಯ ಹೇಳ್ರಿ. ಕನ್ನಡದಾಗ ಹೇಳ್ರಿ ಮತ್ತ, ಇಲ್ಲಂದ್ರ ಅವಂಗ ತಿಳಿಯಂಗಿಲ್ಲ."

"ಸಾಂಗತೋ, ತಾಈ," ಎಂದೆ. ಹೇಳುತ್ತೇನೆ.

ಕಾರಿನಲ್ಲಿ ನಿಧಾನವಾಗಿ ಕರೆದೊಯ್ಯಬಹುದು ಎಂದು ಡಾಕ್ಟರರು ಹೇಳಿದ್ದಾರೆಂದು ಸಿದ್ದು ಆಮೇಲೆ ತಿಳಿಸಿದ. ಫೋನಿಟ್ಟು ಅಡುಗೆಮನೆಗೆ ಹೋದೆ. ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು.

"ಏನಂದ್ರು ಇವತ್ತ ನಿಮ್ಮಕ್ಕ?"

"ಪಂಚಮಿಗಿ ಬಂದು ಕರಕೊಂಡ ಹೋಗು ಅಂತ ತಮ್ಮಗ ಹೇಳಾಕ ಹೇಳ್ಯಾಳ."

ಅವಳ ಕೈ ನಿಂತಿತು. "ಹೇಳಿದ್ರೇನು ಅವಂಗ?"

"ಹೇಳಿನಿ."

"ಏನಂದ?"

"ಬರ್ತಾನಂತ," ಎಂದೆ.